ಗೇಟು ದಾಟದೆ ಕ್ರೇನು ನಿಲ್ಲಿಸಿದರು

ಪೋರ್ಟ್ ಕೆಂಬ್ಲಾ ಬಂದರಿನಲ್ಲಿ ಕಟ್ಟುತ್ತಿದ್ದ ಗೋದಾಮಿನ ಕ್ರೇನು ವಾರದಿಂದ ತಕರಾರು ಮಾಡುತ್ತಿತ್ತು. ಅಂದು ಬೆಳಿಗ್ಗೆ ಬ್ರೇಕು ಜಾರಿ, ಕಬ್ಬಿಣದ ಸರಳಿನ ಕಟ್ಟು ಕೆಳಗಿದ್ದ ಕೆಲಸಗಾರ ತುವಾನನ ಪಕ್ಕದಲ್ಲೇ ಬಿತ್ತು. ಕೂದಲೆಳೆ ಅಂತರದಲ್ಲಿ ಪಾರಾದ. ಮ್ಯಾನೇಜರ್ ಬಂದು, ಸಂಜೆ ರಿಪೇರಿ ಮಾಡಿಸೋಣ, ಈಗ ಕೆಲಸ ನಡೆಯಲಿ ಎಂದು ಹೇಳಿ ಹೋದ.

ಚಹಾ ಬಿಡುವಿನಲ್ಲಿ ತಗಡಿನ ಶೆಡ್ಡಿನೊಳಗೆ ಎಲ್ಲರ ರಕ್ತ ಕುದಿಯುತ್ತಿತ್ತು. ಯೂನಿಯನ್ ಪ್ರತಿನಿಧಿ ವಾಸ್ಕೊ ಎದ್ದು ನಿಂತ. ಅವನು ಕಲಿತ ಪದ್ಧತಿ ಒಂದೇ. ಶೆಡ್ಡಿನಲ್ಲಿ ಕೈ ಎತ್ತಿ ತೀರ್ಮಾನಿಸುವುದು, ಹೆಲ್ಮೆಟ್ಟು ಕಳಚುವುದು, ಸೈಟಿಗೆ ಸೈಟೇ ಗೇಟು ದಾಟಿ ಮನೆಗೆ ಹೋಗುವುದು.

ಅಷ್ಟರಲ್ಲಿ ಗ್ಲೆನಿಸ್ ಒಳಗೆ ಬಂದಳು. ಹಿಂದೆ ತಾನೂ ಕ್ರೇನು ಓಡಿಸಿದವಳು, ಈಗ ಯೂನಿಯನ್ ಕಚೇರಿಯಲ್ಲಿದ್ದಾಳೆ. ಕೈ ಎತ್ತುವ ಮೊದಲು ನನ್ನ ಮಾತು ಕೇಳಿ ಎಂದಳು.

"ಕಂಪನಿ ಪರ ವಾದ ಮಾಡೋಕೆ ಬಂದ್ಯಾ?" ವಾಸ್ಕೊ ಕೆಣಕಿದ.

"ನಿನ್ನ ಮನೆ ಉಳಿಸೋಕೆ ಬಂದೆ ಮಾರಾಯ."

ಸಂಬಳದ ಒಪ್ಪಂದ ಇನ್ನೂ ಜಾರಿಯಲ್ಲಿದೆ, ಅದರ ಅವಧಿ ಮುಗಿಯುವ ಮೊದಲು ಎಲ್ಲರೂ ಹೊರನಡೆದರೆ ಅದು ಕಾನೂನುಬಾಹಿರ ಮುಷ್ಕರ ಎಂದು ಬಿಡಿಸಿ ಹೇಳಿದಳು. ಅವಧಿ ಮುಗಿದ ಮೇಲೂ ಶೆಡ್ಡಿನಲ್ಲಿ ಕೈ ಎತ್ತಿದರೆ ಸಾಲದು. ಕಾರ್ಮಿಕ ಆಯೋಗದ ಅನುಮತಿ ಪಡೆದು ಗುಟ್ಟಾಗಿ ಮತ ಹಾಕಬೇಕು, ಕಂಪನಿಗೆ ಮುಂಚೆಯೇ ತಿಳಿಸಬೇಕು. ಇಲ್ಲದಿದ್ದರೆ ಕೋರ್ಟು ಯೂನಿಯನ್ನಿಗೂ ದಂಡ ಹಾಕುತ್ತದೆ, ಎಲ್ಲರನ್ನೂ ಎಬ್ಬಿಸಿ ಹೊರಡಿಸಿದವನಿಗೂ ಹಾಕುತ್ತದೆ. ಅವನ ದಂಡವನ್ನು ಯೂನಿಯನ್ ಕಟ್ಟಕೂಡದು, ಅವನೇ ತನ್ನ ಕೈಯಿಂದ ಕಟ್ಟಲಿ ಎಂದೂ ಕೋರ್ಟು ಹೇಳಬಹುದು.

"ಯೂನಿಯನ್ನಿಗೆ ಬಿದ್ರೆ ಬೀಳ್ಲಿ. ಅದೇನು ಮುಳುಗಿ ಹೋಗುತ್ತಾ?"

"ಕಡಲ ತೀರದಲ್ಲಿ ನಮ್ಮ ಕ್ಯಾರವಾನ್‌ಗಳಿದ್ವಲ್ಲ ವಾಸ್ಕೊ, ಎಲ್ಲಿ ಹೋದ್ವು ಗೊತ್ತಾ?"

ಸದಸ್ಯರ ಸಂಸಾರಗಳು ಸರದಿಯಂತೆ ರಜೆ ಕಳೆಯುತ್ತಿದ್ದ ಯೂನಿಯನ್ನಿನ ಗಾಲಿಮನೆಗಳು ಅವು. ಬೆನ್ನುಮೂಳೆಗೆ ಪೆಟ್ಟಾದ ಬೇಸಿಗೆಯಲ್ಲಿ ವಾಸ್ಕೊ ಹೆಂಡತಿ ಮಿರಿಯಾನಾಳ ಜೊತೆ ಅಲ್ಲೇ ಇದ್ದು ಚೇತರಿಸಿಕೊಂಡಿದ್ದ. ತುಕ್ಕು ಹಿಡಿದವೆಂದು ಮಾರಿರಬೇಕು ಅಂದುಕೊಂಡಿದ್ದ.

"ಇನ್ನೊಂದು ಸೈಟಿನೋರು ಹೀಗೇ ಕೈ ಎತ್ತಿ ಮನೆಗೆ ಹೋದ್ರು. ಆ ದಂಡ ಕಟ್ಟೋಕೆ ಮಾರಿದ್ವಿ."

ವಾಸ್ಕೊ ದನಿ ಏರಿಸಿದ. "ಹಾಗಂತ ತುವಾನ್ ಆ ಕ್ರೇನಿನ ಕೆಳಗೆ ಹೋಗಿ ಸಾಯ್ಬೇಕಾ?"

"ಯಾರೂ ಕೆಳಗೆ ಹೋಗ್ಬೇಡಿ. ಕಣ್ಣೆದುರು ಜೀವಕ್ಕೆ ಅಪಾಯ ಇದ್ರೆ ಆ ಕೆಲಸ ಒಲ್ಲೆ ಅನ್ನೋದು ಮುಷ್ಕರ ಅಲ್ಲ, ನಿಮ್ಮ ಹಕ್ಕು. ಆದ್ರೆ ಸೈಟಲ್ಲೇ ಇರಿ. ಅಪಾಯ ಇಲ್ದಿರೋ ಬೇರೆ ಕೆಲಸ ಕೊಟ್ರೆ ಮಾಡಿ."

ಹಾಗೇ ಮಾಡಿದರು. ಕ್ರೇನಿನ ಕಡೆಯವರು ಮ್ಯಾನೇಜರನಿಗೆ ಕಾರಣ ಹೇಳಿ ಕೆಲಸ ನಿಲ್ಲಿಸಿ, ಅವನು ಕೊಟ್ಟ ಬೇರೆ ಕೆಲಸವೆಂದು ಹಲಗೆಗಳನ್ನು ಜೋಡಿಸಿದರು. ಉಳಿದವರು ತಮ್ಮ ಕೆಲಸ ಮುಂದುವರಿಸಿದರು. ಹೊರನಡೆಯುವವರ ವಿಡಿಯೊ ಮಾಡಲು ಫೋನು ಹಿಡಿದು ಗೇಟಿನಲ್ಲಿ ನಿಂತಿದ್ದ ಮ್ಯಾನೇಜರನಿಗೆ ನಾಲ್ಕು ಸೀಗಲ್ ಹಕ್ಕಿಗಳಷ್ಟೇ ಸಿಕ್ಕವು. ಮಧ್ಯಾಹ್ನ ಗ್ಲೆನಿಸ್ ಕರೆಸಿದ್ದ ಸುರಕ್ಷತಾ ಇನ್‌ಸ್ಪೆಕ್ಟರ್ ಬಂದು ಕ್ರೇನು ಓಡಿಸಕೂಡದೆಂದು ಕೆಂಪು ಚೀಟಿ ಕಟ್ಟಿದರು.

ಸಂಜೆ ಮನೆಯಲ್ಲಿ ಮಿರಿಯಾನಾ ಎಲ್ಲವನ್ನೂ ಕೇಳಿಸಿಕೊಂಡಳು. ಕ್ಯಾರವಾನ್ ಮಾತು ಬಂದಾಗ ಅವಳ ಮುಖ ಸಣ್ಣದಾಯಿತು. "ಮುಂದಿನ ಸಲ ಕೈ ಎತ್ತೋಕೆ ಮುಂಚೆ ಗ್ಲೆನಿಸ್‌ಗೆ ಫೋನ್ ಮಾಡು," ಎಂದಳು. ವಾಸ್ಕೊ ಹೂಂ ಎಂದ.

ಗೆಳೆಯರೇ, ನಿಮ್ಮ ಶೆಡ್ಡಿನಲ್ಲೂ ಇಂಥ ದಿನ ಬರುತ್ತದೆ. ಸಿಟ್ಟು ಬರಲಿ, ಬರಬೇಕಾದದ್ದೇ. ಒಪ್ಪಂದದ ಅವಧಿ ಮುಗಿದಿದೆಯೇ, ಮತದಾನ ನಡೆದಿದೆಯೇ ಎಂದು ಯೂನಿಯನ್ ಕಚೇರಿಯನ್ನು ಕೇಳಿ, ಆಮೇಲೆ ಹೆಜ್ಜೆ ಇಡಿ. ಅಪಾಯ ಕಂಡರೆ ಮಾತ್ರ ಯಾರನ್ನೂ ಕಾಯಬೇಡಿ, ಆ ಕೆಲಸ ಅಲ್ಲೇ ನಿಲ್ಲಿಸಿ, ಸೈಟಿನಲ್ಲೇ ಉಳಿಯಿರಿ. ತುವಾನ್ ಅಂದು ತನ್ನ ಎರಡು ಕಾಲಿನ ಮೇಲೆ ನಡೆದು ಮನೆಗೆ ಹೋದ. ನೀವೂ ಹಾಗೇ ಹೋಗಿ.