ಐದರಲ್ಲಿ ಮೂರು

ನಮ್ಮ ಮನೆಯಲ್ಲಿ ನ್ಯಾಯ ತೀರ್ಮಾನವಾಗುತ್ತಿದ್ದುದು ಟಿ.ವಿ. ಮುಂದೆ. ಕಿಟಕಿ ಪಕ್ಕದ ಹಾಸಿಗೆ ಯಾರಿಗೆ, ತಟ್ಟೆಯಲ್ಲಿ ಉಳಿದ ಕೊನೆಯ ಮೀನುವಡೆ ಯಾರಿಗೆ, ವರ್ಷದ ಕೊನೆಗೆ ಸ್ನಾನದ ಮನೆಯಲ್ಲಿ ಗಂಡಸರ ಕಡೆಯ ತೊಟ್ಟಿ ತಿಕ್ಕುವುದು ಯಾರ ಪಾಲಿಗೆ, ಎಲ್ಲವನ್ನೂ ನಾನೂ ನನ್ನ ತಮ್ಮ ತೊಮೊಯಾನೂ ಒಂದೇ ಆಟದಲ್ಲಿ ಬಗೆಹರಿಸಿಕೊಳ್ಳುತ್ತಿದ್ದೆವು. ಆಗ ಪ್ರತಿ ಬುಧವಾರ ಸಂಜೆ ಬರುತ್ತಿದ್ದ ಅನಿಮೆ ಕಾರ್ಟೂನ್ ಸರಣಿಯೊಂದರ ವೀರರನ್ನು ಎದುರುಬದುರು ನಿಲ್ಲಿಸಿ ಹೊಡೆದಾಡಿಸುವ ವಿಡಿಯೋ ಆಟ ಅದು. ಐದು ಸುತ್ತು. ಮೂರು ಗೆದ್ದವರ ಮಾತೇ ಮಾತು. ಸೋತವರು ಆಮೇಲೆ ಗೊಣಗಬಾರದು ಅನ್ನುವುದು ಅಪ್ಪನ ಕಟ್ಟಪ್ಪಣೆ.

ಗೊಣಗನ್ನು ನುಂಗಿಕೊಳ್ಳುವ ಸರದಿ ಹೆಚ್ಚಾಗಿ ತೊಮೊಯಾನದೇ. ನನ್ನದು ಒಕ್ಕಣ್ಣಿನ ಈಟಿಗಾರ್ತಿ, ಅವನದು ಕೆಂಪು ಕೂದಲಿನ ಕುಸ್ತಿಯವನು. ಆ ಕುಸ್ತಿಯವನು ಹತ್ತಿರ ಬಂದು ಹಿಡಿದನೆಂದರೆ ಮುಗಿಯಿತು, ನೆಲಕ್ಕೆ ಬಡಿದು ಅರ್ಧ ಜೀವ ತೆಗೆಯುತ್ತಾನೆ. ನಾನು ಹತ್ತಿರ ಬರಲು ಬಿಟ್ಟರೆ ತಾನೆ. ದೂರದಿಂದಲೇ ಎರಡು ತಿವಿತ, ಹಾರಿಬಂದರೆ ಮೇಲಕ್ಕೊಂದು ತಿವಿತ. "ಅಕ್ಕಾ, ಒಂದ್ಸಲನಾದ್ರೂ ಗಂಡಸಿನ ಹಾಗೆ ಮುಂದೆ ಬಂದು ಆಡೇ" ಎಂದು ಅವನು ಅಳುದನಿ ತೆಗೆಯುತ್ತಿದ್ದ. "ನೀನು ಮೊದಲು ಮನುಷ್ಯರ ಹಾಗೆ ಆಡೋ" ಎನ್ನುತ್ತಿದ್ದೆ. ಹತ್ತು ಪಂದ್ಯದಲ್ಲಿ ಎಂಟು ನನ್ನವು. ಇದು ಜಂಬದ ಮಾತಲ್ಲ, ಬೇಕಾದರೆ ಅಮ್ಮನನ್ನು ಕೇಳಿ. ಅವಳು ನಮ್ಮ ಬೆನ್ನ ಹಿಂದೆ ಕೂತು, ಗಿರಾಕಿಗಳಿಗೆ ಕೊಡುವ ಟವೆಲ್ಲು ಮಡಚುತ್ತಾ, ಒಂದು ಪಂದ್ಯವನ್ನೂ ಬಿಡದೆ ನೋಡುತ್ತಿದ್ದಳು.

ಗಿರಾಕಿಗಳೆಂದರೆ ಸ್ನಾನಕ್ಕೆ ಬರುವವರು. ಇಮಾಬರಿ ಊರಿನ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮದು ತಾತನ ಕಾಲದ ಸಾರ್ವಜನಿಕ ಸ್ನಾನದ ಮನೆ, ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ಮಧ್ಯಾಹ್ನ ಒಂದು ಗಂಟೆಗೆ ಒಲೆಗೆ ಬೆಂಕಿ ಹಾಕಿದರೆ ಮೂರಕ್ಕೆ ತೊಟ್ಟಿಯ ನೀರು ಕಾಯುತ್ತದೆ, ಬಾಗಿಲು ತೆರೆಯುತ್ತದೆ. ನನಗೆ ಇಪ್ಪತ್ತು ತುಂಬಿದ ವರ್ಷ, ಜನವರಿಯಲ್ಲಿ, ಅಪ್ಪ ಆ ಒಲೆಯ ಮುಂದೆಯೇ ಕುಸಿದು ತೀರಿಕೊಂಡ.

ಆ ಹೊತ್ತಿಗೆ ನನ್ನ ಕೈಯಲ್ಲಿ ಒಸಾಕಾದ ಶಾಲೆಯೊಂದರ ಪತ್ರವಿತ್ತು. ಅನಿಮೆಗೆ ಚಿತ್ರ ಬರೆಯುವುದನ್ನು ಕಲಿಸುವ ಶಾಲೆ. ಎರಡು ವರ್ಷ ಟೈಲ್ಸು ತಿಕ್ಕುತ್ತಾ, ಬಿಡುವಾದಾಗಲೆಲ್ಲ ಓಡುವ ಕಾಲು, ಹಾರುವ ಕೂದಲು, ಬೀಳುವ ಮನುಷ್ಯ ಎಂದು ನೋಟ್‌ಬುಕ್ಕು ತುಂಬಿಸಿ, ಎರಡನೆಯ ಪ್ರಯತ್ನದಲ್ಲಿ ಸಿಕ್ಕಿದ ಸೀಟು. ತೊಮೊಯಾನಿಗೂ ಅದೇ ಊರಿನಲ್ಲಿ ಕಾರು ರಿಪೇರಿ ಕಲಿಸುವ ಕಾಲೇಜಿನ ಪತ್ರ ಬಂದಿತ್ತು. ಇಬ್ಬರೂ ಹೋದರೆ ಒಲೆ ಆರುತ್ತದೆ. ಅಮ್ಮನ ಸೊಂಟಕ್ಕೆ ಕಟ್ಟಿಗೆ ಎತ್ತುವ ತ್ರಾಣವಿಲ್ಲ.

"ನಾನು ಯಾರ ಪರವೂ ಇಲ್ಲ," ಅಂದಳು ಅಮ್ಮ. "ಇಬ್ರೂ ನನ್ನ ಹೊಟ್ಟೇಲಿ ಹುಟ್ಟಿದೋರೇ. ನೀವೇ ತೀರ್ಮಾನ ಮಾಡ್ಕೊಳ್ಳಿ."

ಮಾಡಿಕೊಂಡೆವು, ನಮಗೆ ಗೊತ್ತಿದ್ದ ರೀತಿಯಲ್ಲಿ. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಟಿ.ವಿ. ಮುಂದೆ ಕೂತೆವು. ನಾನು ಎಂದಿನಂತೆ ಗೋಡೆಯ ಕಡೆ, ಎರಡನೆಯ ಕಂಟ್ರೋಲರ್ ಹಿಡಿದು. ಗೆದ್ದವರಿಗೆ ಒಸಾಕಾ, ಸೋತವರಿಗೆ ಒಲೆ. ಒಳಗೊಳಗೇ ನಾನು ಬಟ್ಟೆ ಕಟ್ಟಿಕೊಂಡಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವತ್ತು ಎಷ್ಟು ತಿವಿದರೂ ಪರದೆಯ ಮೇಲೆ ಕುಸ್ತಿಯವನ ಜೀವದ ಪಟ್ಟಿ ಇಳಿಯಲೊಲ್ಲದು. ನಾಲ್ಕು ಏಟಿಗೆ ಮುಗಿಯಬೇಕಾದವನು ಏಳಾದರೂ ನಿಂತೇ ಇದ್ದ. ನನಗೆ ಗಾಬರಿಯಾಯಿತು. ಗಾಬರಿಯಲ್ಲಿ ಹತ್ತಿರ ಹೋದೆ. ಹಿಡಿದು ಬಡಿದ. ಎರಡು ಸುತ್ತು ಗೆದ್ದು, ಮೂರು ಸುತ್ತು ಸೋತೆ.

ಏನೋ ಸರಿಯಿಲ್ಲ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ತಮ್ಮನ ಬಾಯಲ್ಲಿ ಕೇಳುವುದಕ್ಕಿಂತ ಸುಮ್ಮನಿರುವುದೇ ಮೇಲು. ಹೊತ್ತಿಗೆ ಸರಿಯಾಗಿ ಧೈರ್ಯ ಕೈಕೊಟ್ಟಿತು ಎಂದುಕೊಂಡೆ. ಆಟದ ಪೆಟ್ಟಿಗೆಯನ್ನು ನಾನೇ ಹಳೇ ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಮೇಲಕ್ಕೆ ತಳ್ಳಿದೆ. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಒಲೆ ಹೊತ್ತಿಸಲು ಹರಿದೆ. ಯಾಕಮ್ಮ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ "ಸೋತೆ, ಉಳಿದೆ" ಎಂದು ನಗುತ್ತಾ ಹೇಳಲು ಕಲಿತೆ. ಆಟ ನೆಟ್ಟಗೆ ನಡೆದಿತ್ತಲ್ಲ, ಅದಕ್ಕೇ ನಗಲು ಆಗುತ್ತಿತ್ತು.

ತೊಮೊಯಾ ಒಂದೂವರೆ ವರ್ಷಕ್ಕೆ ಕಾಲೇಜು ಬಿಟ್ಟು ವಿಮೆ ಮಾರಲು ಶುರುಮಾಡಿದ. ಆ ಸುದ್ದಿ ಬಂದ ದಿನ ಹೆಂಗಸರ ಕಡೆಯ ಟೈಲ್ಸನ್ನು ನಾನು ಎರಡು ಸಲ ತಿಕ್ಕಿದೆ.

ಹೀಗೆ ಹದಿಮೂರು ವರ್ಷ. ಈ ಆಗಸ್ಟಿನಲ್ಲಿ, ಹಿರಿಯರ ಹಬ್ಬಕ್ಕೆ, ತೊಮೊಯಾ ಮಗಳು ಕೊತೊನೆಯನ್ನು ಕರೆದುಕೊಂಡು ಬಂದ. ಹೆಂಡತಿ ತವರಿಗೆ ಹೋಗಿದ್ದಳು. ಕೊತೊನೆಗೆ ಎಂಟು ವರ್ಷ, ಇಲಿಯಂತೆ ಮನೆಯ ಮೂಲೆಮೂಲೆ ಕೆದಕುವ ಹುಡುಗಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ, ಹಿಂದಿನ ಕೋಣೆಯ ಹಳೇ ಟಿ.ವಿ.ಗೆ ಸಿಕ್ಕಿಸಿ, ತನ್ನ ಅಪ್ಪನನ್ನು ಎಳೆದು ಕೂರಿಸಿಕೊಂಡಳು. ನಾನು ಪಕ್ಕದಲ್ಲಿ ತೀರಿಕೊಂಡ ನಮ್ಮಪ್ಪನ ಫೋಟೋದ ಮುಂದೆ ಹಣ್ಣು ಜೋಡಿಸುತ್ತಿದ್ದೆ. ಅಮ್ಮ ಮೂಲೆಯಲ್ಲಿ ಟವೆಲ್ಲು ಮಡಚುತ್ತಿದ್ದಳು.

"ಅತ್ತೆ, ಇದು ಕೆಟ್ಟೋಗಿದೆ," ಅಂದಳು ಕೊತೊನೆ. "ನಾನು ಎಷ್ಟು ಹೊಡೆದ್ರೂ ಅಪ್ಪ ಸಾಯ್ತಾನೇ ಇಲ್ಲ."

"ನಿಮ್ಮಪ್ಪ ಮೊದ್ಲಿಂದ ಹಾಗೇ, ದಪ್ಪ ಚರ್ಮ," ಅಂದೆ.

"ಅದಲ್ಲ. ತಾಳಿ, ಸೆಟ್ಟಿಂಗ್ ನೋಡ್ತೀನಿ." ಈಗಿನ ಮಕ್ಕಳಿಗೆ ಹೇಳಿಕೊಡಬೇಕಾದ್ದಿಲ್ಲ. ಗುಂಡಿ ಒತ್ತಿ ಒಳಗಿನ ಯಾವುದೋ ಪುಟಕ್ಕೆ ಹೋದಳು. "ನೋಡಿ, ಮೋಸ. ಒಂದನೇ ಆಟಗಾರನ ಶಕ್ತಿಗೆ ಐದು ನಕ್ಷತ್ರ. ಎರಡನೆಯವರಿಗೆ ಮೂರೇ ಮೂರು. ಯಾರೋ ಇಳಿಸಿಟ್ಟಿದ್ದಾರೆ."

ನನ್ನ ಕೈಯಲ್ಲಿದ್ದ ಪೀಚ್ ಹಣ್ಣು ಚಾಪೆಯ ಮೇಲೆ ಉರುಳಿತು. ಆ ಪೆಟ್ಟಿಗೆಯಲ್ಲಿ ಕೊನೆಯ ಸಲ ಆಡಿದ್ದು ನಾವಿಬ್ಬರು. ಎರಡನೆಯ ಕಂಟ್ರೋಲರ್ ನನ್ನದು. ಅಂದರೆ ನೆಲ ನಿಜಕ್ಕೂ ಡೊಂಕಾಗಿತ್ತು. ನಾನು ಅದರ ಮೇಲೆ ಬಿದ್ದು, ಕಾಲು ಸರಿಯಿಲ್ಲ ಎಂದು ಇಷ್ಟು ವರ್ಷ ನನ್ನನ್ನೇ ಉಗಿದುಕೊಂಡಿದ್ದೆ.

"ತೊಮೊಯಾ," ಅಂದೆ. "ಏನೋ ಇದು?"

ಅವನು ಪರದೆಯನ್ನೂ ನನ್ನನ್ನೂ ನೋಡಿದ. "ನನಗೆ ಗೊತ್ತಿಲ್ಲ ಅಕ್ಕ."

"ಪೆಟ್ಟಿಗೆ ಅವತ್ತಿನ ತನಕ ನಿನ್ನ ಕೋಣೇಲಿತ್ತು. ಗೆದ್ದೋನು ನೀನು. ಒಸಾಕಾಗೆ ಹೋದೋನು ನೀನು. ಗೊತ್ತಿಲ್ವಂತೆ."

"ಅಪ್ಪನ ಫೋಟೋ ಮುಂದೆ ನಿಂತು ಹೇಳ್ತೀನಿ, ನಾನು ಮುಟ್ಟಿಲ್ಲ."

"ಅಪ್ಪನ್ನ ಯಾಕೆ ಎಳೀತೀಯ? ಆ ಕಾಲೇಜನ್ನೂ ನೆಟ್ಟಗೆ ಮುಗಿಸ್ಲಿಲ್ವಲ್ಲೋ. ನನ್ನ ಸೀಟು ಮಣ್ಣು ಮಾಡಿ, ನಿನ್ನದೂ ಮಣ್ಣು ಮಾಡ್ಕೊಂಡೆ. ತಿಂಗಳು ತಿಂಗಳು ಅಕ್ಕಿ ಮೂಟೆ ಕಳಿಸಿದೆನಲ್ಲ ನಿನಗೆ, ಹಾವಿಗೆ ಹಾಲೆರೆದ ಹಾಗೆ."

ಕೊತೊನೆ ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟು ಅಜ್ಜಿಯ ಬಳಿಗೆ ಸರಿದಳು. ಮಗುವಿನ ಮುಂದೆ ಆಡಬಾರದ ಮಾತು ಅದು, ಗೊತ್ತು. ಆದರೂ ಆಡಿದೆ. ಅಮ್ಮ ಟವೆಲ್ಲು ಬದಿಗಿಟ್ಟಳು. ಎದ್ದು ಹೋಗಿ ಎಲ್ಲರಿಗೂ ತಣ್ಣನೆಯ ಬಾರ್ಲಿ ಚಹಾ ತಂದಿಟ್ಟಳು.

ತೊಮೊಯಾ ಚಹಾ ಮುಟ್ಟಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. "ಅಕ್ಕ, ನನ್ನ ಮಾತು ಕೇಳು. ನಿನ್ನ ಮೇಲೆ ನಾನು ಗೆದ್ದ ದೊಡ್ಡ ಪಂದ್ಯ ಅದೊಂದೇ. ಕುಡಿದಾಗೆಲ್ಲ ಜೊತೆಯೋರಿಗೆ ಅದನ್ನೇ ಹೇಳ್ತಿದ್ದೆ, ನಮ್ಮಕ್ಕನ್ನ ಸೋಲಿಸಿ ಬಂದೋನು ನಾನು ಅಂತ. ಅದೂ ಸುಳ್ಳು ಅಂದ್ರೆ ನನ್ನ ಹತ್ರ ಏನಿದೆ ಹೇಳು."

ನಾನು ನಂಬಲಿಲ್ಲ. "ಹಾಗಾದ್ರೆ ಕೂತ್ಕೋ," ಅಂದೆ. "ಐದು ಸುತ್ತು. ಕೊತೊನೆ, ಇಬ್ಬರಿಗೂ ಐದೈದು ನಕ್ಷತ್ರ ಹಾಕು ಪುಟ್ಟ."

ಗಂಟೆ ಹನ್ನೆರಡೂವರೆ. ಗೋಡೆಯ ಕಡೆ ಕೂತು ಎರಡನೆಯ ಕಂಟ್ರೋಲರ್ ಎತ್ತಿಕೊಂಡೆ. ಕಟ್ಟಿಗೆ ಎತ್ತೆತ್ತಿ ಬೆರಳು ದಪ್ಪವಾಗಿದ್ದವು, ಮೊದಲ ಸುತ್ತಿನಲ್ಲಿ ಗುಂಡಿಗಳ ಮೇಲೆ ತಡವರಿಸಿದವು. ಆದರೂ ಕುಸ್ತಿಯವನು ಎರಡು ಹೆಜ್ಜೆ ಮುಂದೆ ಇಡುವಷ್ಟರಲ್ಲಿ ಈಟಿ ಹೋಯಿತು, ಮತ್ತೆ ಹೋಯಿತು. ತಾಗಿದಷ್ಟೂ ಪಟ್ಟಿ ಇಳಿಯಿತು. ನಾಲ್ಕನೆಯ ಏಟಿಗೆ ಬಿದ್ದ. ಅವತ್ತು ಬೀಳಬೇಕಾಗಿದ್ದಂತೆಯೇ ಬಿದ್ದ.

ತೊಮೊಯಾ ಬಿಟ್ಟುಕೊಟ್ಟು ಆಡುತ್ತಿರಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತ್ತು, ಬೆವರು ಗಲ್ಲಕ್ಕೆ ಇಳಿದಿತ್ತು. ನನ್ನಷ್ಟೇ ಅವನಿಗೂ ಆ ಗೆಲುವು ಬೇಕಾಗಿತ್ತು. ಎರಡನೆಯ ಸುತ್ತಿನಲ್ಲಿ ಒಂದೇ ಒಂದು ಸಲ ಹಿಡಿದ. ಮೂರನೆಯದರಲ್ಲಿ ಅದೂ ಆಗಲಿಲ್ಲ. ಮೂರಕ್ಕೆ ಮೂರೂ ನನ್ನವೇ. ಅವನು ಕಂಟ್ರೋಲರ್ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಗ ನನಗೆ ತಿಳಿಯಿತು, ಇವನಲ್ಲ. ಮೋಸ ಮಾಡಿ ಗೆದ್ದವನು ಹೀಗೆ ಬೆವರುವುದಿಲ್ಲ.

"ಅತ್ತೆ ಎಷ್ಟು ಚೆನ್ನಾಗಿ ಆಡ್ತಾರೆ ಅಜ್ಜಿ," ಅಂದಳು ಕೊತೊನೆ.

"ಹೂಂ," ಅಂದಳು ಅಮ್ಮ, ಟವೆಲ್ಲಿನ ಅಂಚು ಸರಿಮಾಡುತ್ತಾ. "ನನಗೆ ಗೊತ್ತಿತ್ತು. ಅವತ್ತೂ ಇವಳೇ ಗೆಲ್ತಿದ್ದಳು."

ಅವಳ ದನಿ ಎಷ್ಟು ಸಲೀಸಾಗಿತ್ತೆಂದರೆ, ಆ ಮಾತು ನನಗೆ ತಾಗಲು ಒಂದು ಗಳಿಗೆ ಹಿಡಿಯಿತು. ತಿರುಗಿ ಕೂತೆ. "ಗೊತ್ತಿತ್ತು ಅಂದ್ರೆ ಏನಮ್ಮ?"

"ಗೆಲ್ತೀಯ ಅಂತ ಗೊತ್ತಿದ್ದಕ್ಕೇ ಇಳಿಸಿದ್ದು ಕಣೆ."

ತೊಮೊಯಾ ಮುಖದಿಂದ ಕೈ ತೆಗೆದ. "ನೀನಾ? ನಿನಗೆ ಇದೆಲ್ಲ ಎಲ್ಲಿ ಬರುತ್ತೆ?"

"ನೀನು ಚಿಕ್ಕೋನಿದ್ದಾಗ ಸೋತು ಸೋತು ಊಟ ಬಿಟ್ಟು ಅಳ್ತಿದ್ದೆ. ಪೆಟ್ಟಿಗೆ ಮಾರಿದ ಅಂಗಡಿಯೋನು ತೋರಿಸಿಕೊಟ್ಟಿದ್ದ, ಇಲ್ಲಿ ಒತ್ತಿ ಇಲ್ಲಿ ಕಮ್ಮಿ ಮಾಡಿ ಅಂತ. ಆಗಲೂ ಒಂದೆರಡು ಸಲ ಮಾಡಿದ್ದೆ. ಇವಳಿಗೆ ಗೊತ್ತೇ ಆಗಲಿಲ್ಲ." ಮಡಚಿದ ಟವೆಲ್ಲನ್ನು ರಾಶಿಯ ಮೇಲಿಟ್ಟು ನನ್ನ ಕಡೆ ನೋಡಿದಳು. "ಇವನ ಕೈಗೆ ಒಲೆ ಕೊಟ್ಟಿದ್ರೆ ಆರು ತಿಂಗಳಿಗೆ ಬಾಗಿಲು ಹಾಕ್ಬೇಕಿತ್ತು. ನೀನೇ ಹೇಳು, ಸುಳ್ಳಾ?"

ಯಾರ ಪರವೂ ಇಲ್ಲ ಎಂದವಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ತಮ್ಮನ ಮೇಲೆ ಬಂದ ಸಿಟ್ಟಿಗೆ ಬಾಯಿ ಇತ್ತು, ಬೈಗುಳ ಇತ್ತು. ಇದಕ್ಕೆ ಏನೂ ಇರಲಿಲ್ಲ. ಅವಳ ಸೊಂಟಕ್ಕೆ ಎಣ್ಣೆ ತಿಕ್ಕಿದ ನನ್ನ ಕೈಯನ್ನು ನೋಡಿಕೊಂಡೆ. ಅಸಹ್ಯವಾಯಿತು, ಅವಳ ಮೇಲೋ ನನ್ನ ಮೇಲೋ ಹೇಳಲಾರೆ.

"ಕೇಳಬಹುದಿತ್ತಲ್ಲಮ್ಮ," ಅಂದೆ. "ಚಿಗುಸಾ, ನನ್ನ ಜೊತೆ ಇರೇ ಅಂತ ಒಂದು ಮಾತು."

"ಕೇಳಿದ್ರೆ ಇರ್ತಿದ್ದೆ. ಅದು ಗೊತ್ತು ನನಗೆ." ಅಮ್ಮನ ಕಣ್ಣು ಒದ್ದೆಯಾಗಿತ್ತು, ಆದರೆ ದನಿ ಅಲುಗಲಿಲ್ಲ. "ನನ್ನ ಮುಖ ನೋಡಿ ಉಳ್ಕೊಂಡು, ಬೆಂಕಿ ಹಾಕುವಾಗೆಲ್ಲ ನನ್ನ ಬೈಕೋತಿದ್ದೆ. ಅದನ್ನ ತಡೆಯೋ ಶಕ್ತಿ ನನಗಿರಲಿಲ್ಲ. ಆಟದಲ್ಲಿ ಸೋತ್ರೆ ಯಾರನ್ನ ಬೈತೀಯ?"

"ನನ್ನನ್ನ," ಅಂದೆ. "ಹದಿಮೂರು ವರ್ಷ ದಿನಾ ನನ್ನನ್ನೇ ಬೈಕೊಂಡೆ."

ಅಮ್ಮ ರಾಶಿಯ ಕಡೆಗೆ ತಿರುಗಿದಳು. ಇನ್ನೊಂದು ಟವೆಲ್ಲು ಎತ್ತಿಕೊಂಡಳು. ಕೊತೊನೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ತೊಮೊಯಾ "ಅಕ್ಕ" ಅಂದ.

ಅಷ್ಟರಲ್ಲಿ ಹಿತ್ತಲಿನಾಚೆಯಿಂದ ಕೂಗು ಕೇಳಿಸಿತು. ಪಕ್ಕದ ಮನೆಯ ಹಿರೋತಾ ಅಜ್ಜ. ಎಂಬತ್ತೆರಡು ವರ್ಷ, ದಿನಾ ಮೊದಲು ತೊಟ್ಟಿಗೆ ಇಳಿಯುವವರು ಅವರೇ.

"ಚಿಗುಸಾ, ಒಂದು ಗಂಟೆ ಆಯ್ತಲ್ಲಮ್ಮ, ಚಿಮಣಿಯಲ್ಲಿ ಹೊಗೆ ಕಾಣ್ತಿಲ್ಲ. ಇವತ್ತು ಬೆಂಕಿ ಹಾಕಲ್ವಾ?"

ನಾನು ಬಾಯಿ ತೆರೆಯುವ ಮೊದಲೇ, ಯೋಚನೆಯೂ ಮಾಡದೆ, ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಉತ್ತರ ಕೊಟ್ಟಳು.

"ಬಂದಳು ಬಂದಳು. ಈಗ ಹಾಕ್ತಾಳೆ."

ನಾನು ಏಳಲಿಲ್ಲ.