ಅಮೀನಬಿ ಚಾಚಿಯ ರೋಜಾ

ರಂಜಾನ್ ತಿಂಗಳು ಬಂತೆಂದರೆ ನಮ್ಮ ಓಣಿಯ ಕರೀಮಸಾಬ ಚಾಚಾ ಜಮಾನಾ ಕೆಟ್ಟುಹೋಯಿತೆಂದು ಗೋಳಾಡಲು ಶುರು ಮಾಡುತ್ತಾರೆ. ಗಾದಿ ಹೊಲಿಯುವ ಕಸುಬು ಅವರದು. ಮನೆಯ ಮುಂದಿನ ಪಡಸಾಲೆಯಲ್ಲಿ ಅರಳೆಯ ನಡುವೆ ಕೂತು, ದಬ್ಬಣ ಚುಚ್ಚುತ್ತ, ಹೋಗಿಬರುವವರನ್ನೆಲ್ಲ ನಿಲ್ಲಿಸಿಕೊಂಡು ಮಾತಾಡುತ್ತಾರೆ. ಹುಡುಗರು ನಮಾಜಿನ ಹೊತ್ತಿಗೇ ಬೈಕ್ ಹಾರಿಸುತ್ತಾರಂತೆ. ಹುಳ ಹಿಡಿದ ಖರ್ಜೂರವನ್ನು ಹೊಸ ಪೆಟ್ಟಿಗೆಗೆ ತುಂಬಿ ಮಾರುತ್ತಾರಂತೆ. ಹಾಡಹಗಲೇ ಗುಟ್ಕಾ ಜಗಿದು ಮಸೀದಿಯ ಗೋಡೆಗೇ ಉಗುಳುತ್ತಾರಂತೆ. ಸುಳ್ಳೇನಲ್ಲ, ನನಗೂ ಕಣ್ಣಿವೆ. ಆದರೆ ಚಾಚಾ ಎಲ್ಲಿಂದ ಶುರು ಮಾಡಿದರೂ ಕೊನೆಗೆ ನಮ್ಮ ಅಂಗಡಿಯ ಪರದೆಗೇ ಬಂದು ಮುಟ್ಟುತ್ತಿದ್ದರು. ಅಲ್ಲಿ ನನಗೆ ಮೈ ಉರಿಯುತ್ತಿತ್ತು.

ಲಕ್ಷ್ಮೇಶ್ವರದ ಬಜಾರದಲ್ಲಿ ನಮ್ಮದೊಂದು ಚಹಾದ ಅಂಗಡಿ. ನನ್ನ ಗಂಡ ಶಫೀಕ ಮುಂದೆ ಚಹಾ ಕಾಸುತ್ತಾನೆ, ನಾನು ಒಳಗೆ ಉಪ್ಪಿಟ್ಟು, ಮಿರ್ಚಿ ನೋಡಿಕೊಳ್ಳುತ್ತೇನೆ. ರಂಜಾನಿನಲ್ಲಿ ಬಾಗಿಲಿಗೆ ಹಳೆಯ ಚಾದರಗಳನ್ನು ಸೇರಿಸಿ ಹೊಲಿದ ಪರದೆ ಕಟ್ಟುತ್ತೇವೆ. ಮಾವನ ಕಾಲದಿಂದ ಬಂದ ರೂಢಿ. ರೋಜಾದ ಉಪವಾಸ ಇದ್ದವರ ಕಣ್ಣಿಗೆ ತಿನ್ನುವುದು ಬೀಳಬಾರದು, ತಿನ್ನುವವರ ಮುಖ ಬೀದಿಗೆ ಕಾಣಬಾರದು, ಅಷ್ಟೇ. ಹಮಾಲರು, ಲಾರಿ ಡ್ರೈವರುಗಳು, ಬೀಮಾರಿ ಇದ್ದವರು, ಮುಟ್ಟಾದ ಹೆಂಗಸರು ಬಂದು ತಿಂದು ಬಾಯಿ ಒರೆಸಿಕೊಂಡು ಹೋಗುತ್ತಾರೆ. ಸೋಮಾರಿಗಳೂ ಇರುತ್ತಾರೆ, ಇಲ್ಲವೆನ್ನಲಾರೆ. ಆದರೆ ಯಾರು ಯಾಕೆ ಬಂದರೆಂದು ಯಾರೂ ಕೇಳುತ್ತಿರಲಿಲ್ಲ. ಗಾಳಿಗೆ ಪರದೆ ಸರಿದರೆ ಹಾದಿಯವರು ಮುಖ ಆಚೆ ಹೊರಳಿಸುತ್ತಿದ್ದರು. ಕಾಳಿನ ವ್ಯಾಪಾರಿ ಪುಂಡಲೀಕಪ್ಪನವರಿಗೆ ಯಾವ ರೋಜಾ? ಆದರೂ ಆ ಒಂದು ತಿಂಗಳು ಅವರು ಹೊರಗಿನ ಬೆಂಚಿನ ಮೇಲೆ ಚಹಾ ಕುಡಿದವರಲ್ಲ, ಒಳಗೇ ಬಂದು ಕುಡಿಯುತ್ತಿದ್ದರು. ಮರ್ಯಾದೆ ಎಂದರೆ ನನ್ನ ಪಾಲಿಗೆ ಇದು.

ಆ ಪರದೆಯ ಹಿಂದೆ ಬರುವವರಲ್ಲಿ ಕರೀಮಸಾಬ ಚಾಚಾನ ಹೆಂಡತಿ ಅಮೀನಬಿ ಚಾಚಿಯೂ ಒಬ್ಬರು. ಅವರಿಗೆ ಸಕ್ಕರೆ ಕಾಯಿಲೆ. ರೋಜಾ ಹಿಡಿಯಲೇಬಾರದೆಂದು ಗದಗಿನ ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಗಂಡನಿಗೆ ಮಾತ್ರ ಅವರು ಆ ಮಾತು ಮುಟ್ಟಿಸಿರಲಿಲ್ಲ. ತನ್ನ ಮನೆಯಲ್ಲಿ ಒಂದು ರೋಜಾ ತಪ್ಪಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುವ ಗಂಡಸಿಗೆ ಏನೆಂದು ಹೇಳಿಯಾರು? ನಸುಕಿನಲ್ಲಿ ಗಂಡನ ಜೊತೆ ಸಹರಿಗೆ ಕೂತು ಎರಡು ತುತ್ತು ಉಂಡು ಗುಳಿಗೆ ನುಂಗುವುದು, ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಂದ ಬಂದು ಉಪ್ಪಿಟ್ಟು ತಿನ್ನುವುದು, ಸಂಜೆ ಅಜಾನ್ ಆದಾಗ ಎಲ್ಲರಂತೆ ಖರ್ಜೂರ ಬಾಯಿಗಿಡುವುದು. ಹೀಗೇ ವರ್ಷಗಳು ಸಾಗಿದ್ದವು.

"ಬೀಮಾರಿ ಇದ್ದೋರಿಗೆ ಅಲ್ಲಾನ ಮಾಫಿ ಕೊಟ್ಟಾನ ಚಾಚಿ. ಚಾಚಾಗ ಹೇಳಾಕ ಏನ ಧಾಡಿ ನಿಮಗ?" ಎಂದು ನಾನು ಬೈಯುತ್ತಿದ್ದೆ.

"ಅಲ್ಲಾ ತಿಳಕೊಂತಾನವಾ," ಎಂದು ನಗುತ್ತಿದ್ದರು. "ನಿಮ್ಮ ಚಾಚಾಗ ತಿಳಿಸೂದ ಕಷ್ಟ."

ಲಕ್ಷ್ಮೇಶ್ವರ ತಾಲೂಕು ಆದ ವರ್ಷ ರಂಜಾನ್ ಸುಡುಬಿಸಿಲಿನಲ್ಲಿ ಬಂತು. ಆ ವರ್ಷ ಚಾಚಾನ ಮಾತನ್ನು ತಲೆಗೆ ಹಚ್ಚಿಕೊಂಡವನು ತಾರೀಖ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಹೊಸದಾಗಿ ಗಡ್ಡ ಬಿಟ್ಟವನು. ಚಾಚಾ ಬರೀ ಮಾತಾಡುತ್ತಿದ್ದರು, ಇವನು ಕೆಲಸಕ್ಕೇ ಇಳಿದ. ಒಂದು ಮಧ್ಯಾಹ್ನ ಗೆಳೆಯರನ್ನು ಕಟ್ಟಿಕೊಂಡು ಬಂದು ಪರದೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಇನ್ನೊಂದು ಕೈಯಲ್ಲಿ ಫೋನು.

"ರೋಜಾ ಬಿಟ್ಟು ತಿನ್ನೋರ ಮಾರಿ ಊರಿಗೆ ತೋರಸ್ತೀವಿ. ಆವಾಗರ ನಾಚಿಕಿ ಬರತೈತಿ," ಎಂದ.

"ನಾಚಿಕಿ ನಿನಗಿಲ್ಲೇನಲೇ ತಾರೀಖ? ಹೆಣಮಕ್ಕಳು ಕುಂತಾರ ಒಳಗ!" ನಾನು ಸೌಟು ಹಿಡಿದೇ ಓಡಿ ಬಂದೆ.

"ಅದ್ಕ ತಗೀತೀನಿ ಅಕ್ಕಾ. ಹೆಣಮಕ್ಕಳ ಹಿಂಗ ಮಾಡಿದ್ರ ನಮ್ಮ ಮಂದಿ, ನಮ್ಮ ಕೌಮಿನ ಗತಿ ಏನು?"

ಎಲ್ಲರಿಗಿಂತ ಮುಂದೆ ಕೂತಿದ್ದವರು ಅಮೀನಬಿ ಚಾಚಿ. ಬಾಯಲ್ಲಿ ತುತ್ತಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಬುರ್ಖಾ ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದರು. ನಾನು ಹುಡುಗರನ್ನು ಹೊರಗೆ ದಬ್ಬುವಷ್ಟರಲ್ಲಿ ಅವರ ಕೆಲಸ ಮುಗಿದಿತ್ತು.

ಸಂಜೆಯ ಅಜಾನ್ ಆಗುವ ಮೊದಲೇ ಆ ವೀಡಿಯೋ ಎಲ್ಲರ ಫೋನಿನಲ್ಲಿ. ಮುಖ ಕಾಣುತ್ತಿರಲಿಲ್ಲ. ಬುರ್ಖಾ, ಉಪ್ಪಿಟ್ಟಿನ ತಟ್ಟೆ, ಹಸಿರು ಬಳೆ ತೊಟ್ಟ ಕೈ, ಇಷ್ಟೇ. ಅದರ ಕೆಳಗೆ ಬರೆದ ಬೈಗುಳಗಳನ್ನು ನಾನು ಬಾಯಿಬಿಟ್ಟು ಓದಲಾರೆ. ರೋಜಾ ಹಿಡಿದ ಬಾಯಿಂದಲೇ, ರೋಜಾ ಹಿಡಿದ ಬೆರಳಿಂದಲೇ ಬಂದ ಬೈಗುಳಗಳು ಅವು. ಆ ಬುರ್ಖಾದವಳು ಯಾರ ಮನೆಯವಳೆಂದು ಊರೆಲ್ಲ ಹುಡುಕಾಟ ನಡೆಯಿತು. ಮರುದಿನ ಕರೀಮಸಾಬ ಚಾಚಾ ಕೂಡ ನಮ್ಮ ಅಂಗಡಿಗೆ ಬಂದರು.

"ಯಾರಕಿ ನಜಮಾ ಅಕಿ? ಅಕಿಗೆ ಗಂಡ ಅನ್ನಾಂವ ಅದಾನೋ ಇಲ್ಲೋ?"

"ಬೀಮಾರಿ ಇದ್ದಾಕಿ ಚಾಚಾ. ಬಿಡ್ರಿ."

"ಬೀಮಾರಿ ಇದ್ರ ಮನಿಯಾಗ ತಿನ್ನಲಿ. ಬಜಾರಕ್ಕ ಯಾಕ ಬರಬೇಕು?"

ನಿಮ್ಮ ಮನೆಯಲ್ಲಿ ತಿನ್ನಲು ಜಾಗವಿಲ್ಲದ್ದಕ್ಕೇ ಬಂದಳು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಆದರೆ ಗುಟ್ಟು ನನ್ನದಲ್ಲ, ಚಾಚಿಯದು. ಒಲೆಯ ಕಡೆ ತಿರುಗಿದೆ.

ಅಂದಿನಿಂದ ಚಾಚಿ ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಹೇಳಿ ಕಳಿಸಿದರೂ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ತುಟಿ ಒಣಗಿ ಬಿರಿದಿದ್ದವು, ಮೈ ಬೆವೆತು ಕೈ ನಡುಗುತ್ತಿತ್ತು. ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಬದುಕಿರುವ ಹೆಂಗಸಿನ ಕೈ ಯಾಕೆ ಬೋಳೆಂದು ಕೇಳಿದೆ.

"ಗುರುತ ಹಿಡದಾರಂತ ಒಡದ ಒಗದೆ," ಎಂದರು. "ಬಾವಿ ಕಟ್ಟಿಗೆ ಬಡದು ಒಡದುವು ಅಂತ ಅವರಿಗೆ ಹೇಳೀನಿ."

ನಾನು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟೆ. ಅವರು ಹಿಂದಕ್ಕೆ ಸರಿಸಿದರು.

"ಬ್ಯಾಡವಾ. ರೋಜಾ ಐತಿ."

"ಸಾಯಾಕ ಹೊಂಟೀರೇನ ಚಾಚಿ? ಮನಿಯಾಗರ ಒಂದ ತುತ್ತ ತಿನ್ರಿ!"

"ಅವರು ದಿನಾ ಪಡಸಾಲ್ಯಾಗ ಕುಂತಿರತಾರ. ಅಡಗಿ ಮನಿ ಕಣ್ಣಿಗೆ ಬೀಳತೈತಿ. ಇನ್ನ ಎಂಟ ದಿನದಾಗ ಈದ್ ಬರತೈತಿ, ತಡಕೋತೀನಿ. ನೀ ಯಾರಿಗೂ ಹೇಳಬ್ಯಾಡ, ನನ್ನ ಮ್ಯಾಲ ಆಣಿ ಐತಿ."

ಕೈ ಹಿಡಿದೆ, ಬೈದೆ, ಅತ್ತೆ. ಬೆಲ್ಲದ ಚೂರೊಂದನ್ನು ಬಲವಂತದಿಂದ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದೆ. ಹೋಗುವಾಗ ಅದನ್ನು ಕಟ್ಟೆಯ ಮೇಲೆ ಇಟ್ಟು ಹೋಗಿದ್ದರು.

ಅದೇ ಸಂಜೆ ಗಂಡನ ಇಫ್ತಾರಿಗೆ ಭಜಿ ಕರಿಯುತ್ತಿದ್ದವರು ಒಲೆಯ ಮುಂದೆ ಉರುಳಿಬಿದ್ದರು. ಗಾಡಿ ಹಿಡಿದು ಹೊರಟರೂ ಗದಗ ಮುಟ್ಟುವ ಮೊದಲೇ ಜೀವ ಹೋಯಿತು.

ಊರಿನ ಬಾಯಿ ಆಗ ನೋಡಬೇಕಿತ್ತು! ರಂಜಾನಿನಲ್ಲಿ, ಅದೂ ರೋಜಾ ಬಾಯಲ್ಲಿ ಹೋದವಳು, ಎಂಥ ಪುಣ್ಯವಂತೆ, ಜನ್ನತ್ತಿನ ಬಾಗಿಲೇ ತೆರೆದಿತ್ತು ಎಂದು ಕೊಂಡಾಡಿದ್ದೇ ಕೊಂಡಾಡಿದ್ದು. ಜನಾಜಾಕ್ಕೆ ಹೆಗಲು ಕೊಟ್ಟವರಲ್ಲಿ ತಾರೀಖನೂ ಇದ್ದ. ಅತ್ತ, ನಿಜವಾಗಿಯೇ ಅತ್ತ. ಅದೇ ಫೋನಿನಿಂದ ಚಾಚಿಯ ಹೊಗಳಿಕೆ ಬರೆದು ಊರಿಗೆಲ್ಲ ಕಳಿಸಿದ. ಅವನ ಮೇಲೆ ಕೂಗಾಡಲು ಕೂಡ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಮೂರನೆಯ ದಿನ ಗೋರಿಗೆ ಹೋಗಿ ಜಿಯಾರತ್ ಮುಗಿಸಿ ಕರೀಮಸಾಬ ಚಾಚಾ ನಮ್ಮ ಅಂಗಡಿಯ ಬೆಂಚಿಗೆ ಬಂದು ಕೂತರು. ತಾರೀಖ, ಅವನ ಗೆಳೆಯರು ಹಿಂದೆ ನಿಂತಿದ್ದರು. ಒಳಗೆ ಪರದೆಯ ಹಿಂದೆ ತುಂಬು ಬಸುರಿ ಮಾಸುಮಬಿ, ನೇಕಾರರ ಮನೆಯ ಸೊಸೆ, ತಟ್ಟೆ ಹಿಡಿದು ಕೂತಿದ್ದಳು.

"ಕಡೀ ದಿನ ನಿಮ್ಮಲ್ಲಿ ಬಂದಿದ್ಲಂತ," ಎಂದರು ಚಾಚಾ. ಮೂರು ದಿನಕ್ಕೇ ಮುದುಕರಾಗಿಬಿಟ್ಟಿದ್ದರು. "ಏನ ಅಂದ್ಲು ನಜಮಾ?"

ಹೇಳಿಬಿಡಬೇಕು ಅನ್ನಿಸಿತು. ಆ ಹಸಿರು ಬಳೆಯ ಕೈ ನಿಮ್ಮ ಹೆಂಡತಿಯದು, ನೀವೆಲ್ಲ ಸೇರಿ ಹಸಿವಿನಿಂದ ಕೊಂದಿರಿ ಎಂದು ಬಜಾರ ನಡುಗುವಂತೆ ಕೂಗಬೇಕು ಅನ್ನಿಸಿತು. ಆದರೆ ಆಣೆ ಇತ್ತು. ಹೇಳಿದರೆ ನಾಳೆ ಇವರೇ ಸತ್ತವಳ ಹೆಸರಿಗೂ ಉಗುಳುತ್ತಾರೆಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

"ಉಪ್ಪಿಟ್ಟ ಕೊಟ್ಟೆ ಚಾಚಾ," ಎಂದೆ. "ರೋಜಾ ಐತಿ ಅಂದ್ರು."

ಚಾಚಾನ ಮುಖ ಅರಳಿತು. ಕಣ್ಣೀರು ಗಡ್ಡಕ್ಕಿಳಿಯಿತು. ಹುಡುಗರ ಕಡೆ ತಿರುಗಿ, "ಕೇಳಿದ್ರಿಲ್ಲೋ? ಅಷ್ಟ ಸಂಕಟದಾಗೂ ಬಿಡಲಿಲ್ಲ ನನ್ನ ಅಮೀನಾ. ಕಲೀರಿ, ಎಲ್ಲಾರಿಗೂ ಹೇಳ್ರಿ," ಎಂದರು.

ನಾನು ಒಳಗೆ ಬಂದೆ. ಮಾಸುಮಬಿ ಅರ್ಧ ತಿಂದ ತಟ್ಟೆಯನ್ನು ಕೆಳಗಿಟ್ಟು, ತುಟಿಗೆ ಅಂಟಿದ ರವೆಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿದ್ದಳು.

"ನಾಳಿಂದ ನಾನೂ ರೋಜಾ ಹಿಡೀತೀನಿ ಅಕ್ಕಾ," ಎಂದಳು.