ಇಡ್ಲಿ-ವಡೆಯ ನಡುವಿನ ಹಲಗೆ

ನಾನು ಒಂದು ಹಲಗೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಅಂಚಿನ ತುಂಬ ಕಾಣುವ ಈ ಹಲ್ಲಿನ ಗುರುತುಗಳು ಹುಟ್ಟಿನಿಂದ ಬಂದವಲ್ಲ. ಹುಟ್ಟಿದಾಗ ನಾನು ಬಾಳೆದಿಂಡಿನಷ್ಟು ನುಣ್ಣಗಿದ್ದೆ. ತಿಪಟೂರಿನಲ್ಲಿ ರುದ್ರಾಚಾರಿ ಎಂಬ ಬಡಗಿ ಒಂದು ಹಲಸಿನ ಮರವನ್ನು ಸೀಳಿ ನಮ್ಮನ್ನು ಮಾಡಿದ. ಉಜ್ಜಿದ, ಎಣ್ಣೆ ಕುಡಿಸಿದ, ಬೆನ್ನಿಗೆ ಉಳಿಯಿಂದ ನಂಬರು ಕೆತ್ತಿದ. ಒಟ್ಟು ಒಂಬತ್ತು ಹಲಗೆಗಳು. ನಾನು ನಾಲ್ಕನೆಯದು.

ನಾವು ಪೇಟೆಬೀದಿಯ ಮಹಾಲಿಂಗಪ್ಪನವರ ಗ್ರಂಧಿಗೆ ಅಂಗಡಿಗೆ ಬಾಗಿಲಾಗಿ ಹೋದೆವು. ಆಗಿನ ಅಂಗಡಿಗಳಿಗೆ ಕದ ಇರುತ್ತಿರಲಿಲ್ಲ. ಹೊಸ್ತಿಲಿನಲ್ಲಿ ಕೊರೆದ ಜಾಡಿಗೆ ಹಲಗೆಗಳನ್ನು ನಂಬರಿನ ಪ್ರಕಾರ ಒಂದರ ಪಕ್ಕ ಒಂದು ನಿಲ್ಲಿಸಿದರೆ ಅಂಗಡಿ ಮುಚ್ಚಿದಂತೆ. ಬೆಳಿಗ್ಗೆ ನಮ್ಮನ್ನು ತೆಗೆದು ಒಳಗೋಡೆಗೆ ಒರಗಿಸುತ್ತಿದ್ದರು. ನನಗೆ ಬೆಲ್ಲದ ಮೂಟೆಯ ಪಕ್ಕದ ಜಾಗ. ಮೂವತ್ತೈದು ವರ್ಷ ಬೆಲ್ಲದ ಅಂಟು ಕುಡಿದೆ, ಇಂಗಿನ ಘಾಟು ಕುಡಿದೆ. ಇರುವೆಗಳ ಕಾಟವೊಂದನ್ನು ಬಿಟ್ಟರೆ ಅದು ಮರ್ಯಾದೆಯ ಕಾಲ.

ಮಹಾಲಿಂಗಪ್ಪ ತೀರಿಕೊಂಡ ಮೇಲೆ ಅಂಗಡಿ ಕೊಂಡವರು ರೋಲಿಂಗ್ ಶಟರ್ ಹಾಕಿಸಿದರು. ಮಹಾಲಿಂಗಪ್ಪನವರ ಹೆಣ್ಣುಮಕ್ಕಳಿಬ್ಬರು ಕೊನೆಯ ಸಲ ನೋಡಲು ಬಂದರು. ದೊಡ್ಡವಳು ಸರ್ವಮಂಗಳ ಅಪ್ಪನ ಕನ್ನಡಕ ತೆಗೆದುಕೊಂಡಳು. ಚಿಕ್ಕವಳು ದಾಕ್ಷಾಯಿಣಿ, "ನಂಗೊಂದು ಹಲಗೆ ಇರ್ಲಿ, ಅಪ್ಪ ದಿನಾ ಮುಟ್ಟಿದ್ದು" ಅಂದಳು. ನನ್ನನ್ನೇ ಆರಿಸಿದಳಲ್ಲ ಎಂದು ಬೀಗಿದೆ. ರಾಶಿಯ ಮೇಲಿದ್ದದ್ದು ನಾನು, ಅಷ್ಟೆ.

ಹೀಗೆ ತುಮಕೂರಿನ ದಾಕ್ಷಾಯಿಣಮ್ಮನ ಮನೆಗೆ ಬಂದೆ. ಅವಳ ಗಂಡ ಷಡಕ್ಷರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ಏನು ಮಾಡಬೇಕೆಂದು ತೋಚದ ಮನುಷ್ಯ. ಹಲವು ವರ್ಷ ಅಕ್ಕಿಡಬ್ಬದ ಕೆಳಗೆ ಮಲಗಿದ್ದೆ. ಮೇಲೆ ಭಾರ, ಕೆಳಗೆ ತಂಪು. ಹಾಗೇ ಬಿಟ್ಟಿದ್ದರೆ ನಾನು ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಆ ಮನೆಯಲ್ಲಿ ಆಗಲೇ ಜೂಲಿ ಎಂಬ ಮುದಿ ನಾಯಿಯಿತ್ತು. ಪಾಮೇರಿಯನ್ ಜಾತಿ, ಹಿಡಿಯಷ್ಟು ಮೈ, ಮೂಟೆಯಷ್ಟು ಗರ್ವ. ಅದಕ್ಕೆ ಜೊತೆ ಬೇಕೆಂದು ಷಡಕ್ಷರಿ ಒಂದು ಮರಿ ತರಲು ಹೋದ. ಬರುವಾಗ ಚೀಲದಲ್ಲಿ ಎರಡಿದ್ದವು.

"ಒಂದು ತಾನೆ ಅಂದಿದ್ದು?" ಅಂದಳು ದಾಕ್ಷಾಯಿಣಮ್ಮ.

"ಒಂದನ್ನೇ ಎತ್ತಿದೆ ಕಣೆ. ಇನ್ನೊಂದು ಅದರ ಬಾಲ ಕಚ್ಕೊಂಡು ಬಂತು."

"ಅವರ ಮನೇಲಿ ಹತ್ತು ಮರಿ ಇದ್ದಿದ್ರೆ ಸರದ ಹಾಗೆ ತರ್ತಿದ್ರಾ?"

ಬಿಳಿಯದಕ್ಕೆ ಇಡ್ಲಿ ಎಂದೂ ಕಂದುಬಣ್ಣದ್ದಕ್ಕೆ ವಡೆ ಎಂದೂ ಹೆಸರಿಟ್ಟರು. ಎರಡೂ ಹೆಣ್ಣು. ಮೂರನೆಯ ದಿನ ಅವು ಅಡುಗೆಮನೆಗೆ ನುಗ್ಗಿ ಹಿಟ್ಟಿನ ಪಾತ್ರೆ ಬೀಳಿಸಿ, ಇಡ್ಲಿಯೂ ವಡೆಯೂ ಒಂದೇ ಬಣ್ಣವಾದವು. ಆಗ ಷಡಕ್ಷರಿಗೆ ನನ್ನ ನೆನಪಾಯಿತು. ಅಡುಗೆಮನೆಯ ಬಾಗಿಲಿನ ಅಳತೆಗೆ ನನ್ನನ್ನು ಗರಗಸದಿಂದ ಎರಡು ತುಂಡು ಮಾಡಿದ. ನಂಬರು ಇದ್ದ ಅರ್ಧ ನೀರೊಲೆಗೆ ಹೋಯಿತು. ಉಳಿದ ಅರ್ಧವನ್ನು ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದ. ಒಂದು ಊರಿನ ಪೇಟೆಯಲ್ಲಿ ಕಳ್ಳರನ್ನು ತಡೆದ ನಾನು ಒಂದು ಸೌಟು ಹಿಟ್ಟಿಗೆ ಕಾವಲು ನಿಂತೆ.

ಎರಡು ಮರಿಗಳನ್ನು ಒಟ್ಟಿಗೆ ಸಾಕುವುದೆಂದರೆ ಎರಡರಷ್ಟು ಕೆಲಸ ಎಂದು ನೀವು ಎಣಿಸಿದ್ದರೆ ಅದು ತಪ್ಪು. ಎಂಟರಷ್ಟು. ಒಂದು ಉಚ್ಚೆ ಹೊಯ್ದರೆ ಇನ್ನೊಂದು ಅದರಲ್ಲಿ ಓಡಿ ಮನೆಯೆಲ್ಲ ಹಂಚುತ್ತದೆ. ಒಂದು ಚಪ್ಪಲಿಯ ಎಡಗಾಲನ್ನು ಕಚ್ಚಿದರೆ ಇನ್ನೊಂದು ಬಲಗಾಲನ್ನು ಹುಡುಕಿಕೊಂಡು ಬರುತ್ತದೆ. ಒಂದು ಅತ್ತರೆ ಎರಡೂ ಅಳುತ್ತವೆ. ಅವೆರಡೂ ಮಲಗಿದವೆಂದು ದಾಕ್ಷಾಯಿಣಮ್ಮ ಕಾಲು ಚಾಚಿದರೆ ಜೂಲಿ ಎದ್ದು, ಈ ಮನೆಯಲ್ಲಿ ನನ್ನನ್ನು ಕೇಳುವವರು ಯಾರೂ ಇಲ್ಲವೇ ಎಂಬಂತೆ ಬೊಗಳುತ್ತದೆ.

ನನ್ನ ಪಾಡು ಇನ್ನೂ ಕಷ್ಟ. ವಡೆ ಬಂದು ಒಂದೆರಡು ಸಲ ಕಚ್ಚಿ ಹೋಗುತ್ತಿತ್ತು. ಇಡ್ಲಿ ಹಾಗಲ್ಲ. ನನ್ನ ಪಕ್ಕವೇ ಮಲಗಿ, ಗದ್ದವನ್ನು ನನ್ನ ಅಂಚಿನ ಮೇಲಿಟ್ಟು, ಹಲ್ಲನ್ನು ಮರಕ್ಕೆ ಊರಿ, ಗಂಟೆಗಟ್ಟಲೆ ಇರುತ್ತಿತ್ತು. ಜೊಲ್ಲಿನಿಂದ ನಾನು ಉಬ್ಬಿಹೋದೆ. ನನ್ನಲ್ಲಿ ಇಳಿದ ಬೆಲ್ಲದ ರುಚಿಗೆ ಹೀಗೆ ಮಾಡುತ್ತದೆ ಎಂದು ನಾನು ತಿಳಿದೆ. ಸ್ವಲ್ಪ ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಲಿ.

ಮೂರು ತಿಂಗಳಾಗುವ ಹೊತ್ತಿಗೆ ವಡೆ ಕರೆದರೆ ಬರುವುದನ್ನು ಕಲಿಯಿತು. ಇಡ್ಲಿ ಕಲಿಯಲಿಲ್ಲ. ಎರಡೂ ಜೊತೆಗಿದ್ದಾಗ ಕರೆದರೆ ಬರುತ್ತಿತ್ತು. ಒಂಟಿಯಾಗಿದ್ದಾಗ ಕರೆದರೆ ತಿರುಗಿ ಸಹ ನೋಡುತ್ತಿರಲಿಲ್ಲ. ಚುಚ್ಚುಮದ್ದಿಗೆ ಹೋದಾಗ ಷಡಕ್ಷರಿ ಪಶುವೈದ್ಯರ ಹತ್ತಿರ ದೂರಿದ. ಎರಡು ಮರಿ ಒಟ್ಟಿಗೆ ಬೆಳೆದರೆ ಒಂದನ್ನೊಂದು ನೋಡಿಕೊಂಡಿರುತ್ತವೆ, ಮನುಷ್ಯರ ಮಾತಿಗೆ ಗಮನ ಕೊಡುವುದಿಲ್ಲ, ದಿನಕ್ಕಿಷ್ಟು ಹೊತ್ತು ಬೇರೆ ಬೇರೆ ಇಡಿ ಎಂದರಂತೆ ಅವರು. ಸರಿ, ನನ್ನನ್ನು ಅಡುಗೆಮನೆಯಿಂದ ಕಿತ್ತು ನಡುಮನೆಗೂ ಜಗುಲಿಗೂ ನಡುವಿನ ಬಾಗಿಲಿಗೆ ಹಾಕಿದರು. ಆ ಕಡೆ ವಡೆ, ಈ ಕಡೆ ಇಡ್ಲಿ, ನಡುವೆ ನಾನು.

ವಡೆ ದಿನವಿಡೀ ಅತ್ತಿತು. ಇಡ್ಲಿ ಅಳಲಿಲ್ಲ, ಗದ್ದ ತಂದು ನನ್ನ ಮೇಲಿಟ್ಟಿತು. ಆಗಲೇ ನನಗೆ ಮೊದಲ ಅನುಮಾನ ಬಂದದ್ದು. ಅಂಗಳದಲ್ಲಿ ಯಾರಾದರೂ ನಡೆದರೆ ಆ ಹೆಜ್ಜೆ ನೆಲದಿಂದ ನನ್ನ ಮೈಗೆ ಬರುತ್ತದೆ. ಹೆಜ್ಜೆ ಬಂದ ಕ್ಷಣವೇ ಇಡ್ಲಿ ತಲೆ ಎತ್ತುತ್ತಿತ್ತು. ಕುಕ್ಕರ್ ಸಿಳ್ಳೆ ಹಾಕಿದರೆ ಎತ್ತುತ್ತಿರಲಿಲ್ಲ. ಒಂದು ದಿನ ಷಡಕ್ಷರಿ ಹಿಂದಿನಿಂದ "ಇಡ್ಲೀ, ಏ ಇಡ್ಲೀ" ಎಂದು ಏಳೆಂಟು ಸಲ ಕೂಗಿದ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗೇಟಿನ ಹತ್ತಿರ ನಿಂತು, "ಬಿಸಿ ಇದೆಯೇನ್ರಿ?" ಎಂದು ಕೇಳಿದಳು. ಸಿಟ್ಟು ನೆತ್ತಿಗೇರಿ ಷಡಕ್ಷರಿ ಕೋಲಿನಿಂದ ನನ್ನ ಮೇಲೆ ಒಂದು ಬಾರಿಸಿದ. ಇಡ್ಲಿ ಚಿಮ್ಮಿ ಎದ್ದು ಅವನ ಕಡೆ ಓಡಿತು.

"ನೋಡಿದ್ಯಾ? ಮಾತಿಗೆ ಬಗ್ಗಲ್ಲ, ಕೋಲಿಗೆ ಬಗ್ತದೆ. ಹಟಮಾರಿ ಮುಂಡೇದು."

"ಕೊಟ್ಟುಬಿಡಣ ಕಣ್ರೀ," ಅಂದಳು ದಾಕ್ಷಾಯಿಣಮ್ಮ. ಅವಳ ಸೊಂಟ ಹಿಡಿದು ವಾರವಾಗಿತ್ತು. "ನಂಗಿನ್ನು ಆಗಲ್ಲ. ತನ್ನ ನಾಯಿ ಸತ್ತಾಗಿಂದ ಅಕ್ಕ ಒಂದು ಮರಿ ಬೇಕು ಅಂತಿದಾಳೆ. ಈ ಇಡ್ಲೀನ ಕೊಟ್ಟುಬಿಡಣ. ಬೇರೆ ಆದ್ರೆ ಬುದ್ಧಿ ಬರ್ಬೋದು."

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಸರ್ವಮಂಗಳಳ ಮನೆ ತಿಪಟೂರಿನಲ್ಲಿ ಲಾರಿ ಓಡಾಡುವ ರಸ್ತೆಯ ಮೇಲಿದೆ. ಈ ಮರಿ ಇಷ್ಟು ದಿನ ಬದುಕಿದ್ದು ವಡೆಯನ್ನು ನೋಡಿಕೊಂಡು. ವಡೆಯ ಕಿವಿ ನಿಮಿರಿದರೆ ಇದೂ ಏಳುತ್ತಿತ್ತು, ವಡೆ ಓಡಿದರೆ ಇದೂ ಓಡುತ್ತಿತ್ತು. ಒಂಟಿಯಾಗಿ ಆ ರಸ್ತೆಗೆ ಹೋದರೆ ಹಾರನ್ ಇದಕ್ಕೆ ಕೇಳುವುದಿಲ್ಲ. ನನಗೆ ತಿಳಿದಿತ್ತು. ಬೆಲ್ಲವೂ ಅಲ್ಲ, ಏನೂ ಅಲ್ಲ, ಅದು ನನ್ನ ಮೇಲೆ ಗದ್ದವಿಟ್ಟು ಕೇಳಿಸಿಕೊಳ್ಳುತ್ತಿತ್ತು. ಆದರೆ ಹಲಗೆ ಯಾರಿಗೆ ಹೇಳಬೇಕು? ಮೇಲೆ ಬಾರಿಸಿದರೆ ಟಕ್ ಅನ್ನುತ್ತೇನೆ, ಅಷ್ಟೇ ನನ್ನ ಭಾಷೆ.

ಮುಂದಿನ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಮಂಗಳಕ್ಕ ಬಂದಳು. ಅವಳಿಗೆ ಈಗ ಎಪ್ಪತ್ತು. ಮರಿಯನ್ನು ಕರೆದೊಯ್ಯಲು ಹೊಸ ಬುಟ್ಟಿ, ಬುಟ್ಟಿಯೊಳಗೆ ಹಳೆಯ ಸೀರೆಯ ಮೆತ್ತೆ. ಕಿವಿಯಲ್ಲಿ ಮೆಷಿನ್ನು. ಒಳಗೆ ಕಾಲಿಟ್ಟ ಕೂಡಲೇ ಜೂಲಿ ಮತ್ತು ವಡೆ ಸೇರಿ ಬೊಗಳಲು ತೊಡಗಿದವು. ಮಂಗಳಕ್ಕ ಮೆಷಿನ್ನನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇವು ಸುಮ್ಮನಾದ ಮೇಲೆ ಹೇಳ್ರಮ್ಮ, ಹಾಕ್ಕೋತೀನಿ."

"ಇದು ನೋಡಿ ಅತ್ತಿಗೆ, ಬಿಳೀದು," ಷಡಕ್ಷರಿ ಅವಳ ಮುಖದ ಮುಂದೆ ಬಾಗಿ ದೊಡ್ಡದಾಗಿ ಹೇಳಿದ. "ಭಾಳ ಸಾಧು. ಬೊಗಳೋದೇ ಇಲ್ಲ."

ಮಂಗಳಕ್ಕ ನನ್ನ ಪಕ್ಕ ನೆಲದ ಮೇಲೆ ಕೂತಳು. ಇಡ್ಲಿ ಎಂದಿನಂತೆ ನನ್ನ ಮೇಲೆ ಗದ್ದವಿಟ್ಟು ಅವಳ ಮುಖವನ್ನೇ ನೋಡುತ್ತಿತ್ತು. ಒಳಗೆ ದಾಕ್ಷಾಯಿಣಮ್ಮನ ಕೈಯಿಂದ ತಟ್ಟೆಗಳ ಅಟ್ಟಿಯೇ ಜಾರಿ ಅಡುಗೆಕಟ್ಟೆಯ ಮೇಲೆ ಬಿತ್ತು. ವಡೆ ಗಾಬರಿಯಾಗಿ ಮೂಲೆ ಸೇರಿತು. ಇಡ್ಲಿ ಕದಲಲಿಲ್ಲ. ಮಂಗಳಕ್ಕನೂ ಕದಲಲಿಲ್ಲ. ಆದರೆ ವಡೆ ಓಡಿದ್ದನ್ನು ನೋಡಿ ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದರು. ಹೆಂಗಸು ಒಂದು, ಮರಿ ಒಂದು, ಒಂದೇ ಸಮಕ್ಕೆ.

ಮಂಗಳಕ್ಕ ಆ ಮರಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದರ ಬೆನ್ನ ಹಿಂದೆ ಕೈಯೆತ್ತಿ ಚಪ್ಪಾಳೆ ತಟ್ಟಿದಳು, ಎರಡು ಸಲ, ಮೂರು ಸಲ. ಏನೂ ಇಲ್ಲ. ಬೆರಳ ಗಿಣ್ಣಿನಿಂದ ನನ್ನನ್ನು ಮೆಲ್ಲಗೆ ತಟ್ಟಿದಳು. ಇಡ್ಲಿ ಬಾಲ ಅಲ್ಲಾಡಿಸಿತು.

"ದಾಕ್ಷೀ, ಬಾರೆ ಇಲ್ಲಿ. ಇದಕ್ಕೆ ಕಿವಿ ಕೇಳಲ್ಲ."

"ಕೇಳತ್ತಕ್ಕಾ, ಹಟ ಅದಕ್ಕೆ."

"ನೀನೇನಂದೆಯೋ ನಂಗೊತ್ತಿಲ್ಲ, ಮೆಷಿನ್ನು ಸೆರಗಲ್ಲಿದೆ. ಹತ್ತು ವರ್ಷ ನಾನೂ ಹೀಗೇ ಮಾಡಿದೀನಿ ಕಣೆ. ನೀವೆಲ್ಲ ನಕ್ಕಾಗ ನಕ್ಕೆ, ನೀವು ತಿರುಗಿದ ಕಡೆ ತಿರುಗಿದೆ. ಯಾರಿಗೂ ಗೊತ್ತಾಗ್ಲಿಲ್ಲ. ಅತ್ತೆಗೆ ಸೊಕ್ಕು ಅಂತಿದ್ರು ಮನೇಲಿ."

ಷಡಕ್ಷರಿ ಗೋಡೆ ಹಿಡಿದು ಕೂತ. "ಮೂರು ತಿಂಗಳಿಂದ ಬೈದಿದ್ದು ಯಾರಿಗೆ ಹಾಗಾದ್ರೆ?"

"ನಂಗೆ," ಅಂದಳು ದಾಕ್ಷಾಯಿಣಮ್ಮ. "ಅದಕ್ಕೆ ಕೇಳಿಸ್ಲಿಲ್ಲ, ನಂಗೆ ಕೇಳಿಸ್ತಲ್ಲ." ಹಾಗೆಂದವಳೇ ಇಡ್ಲಿಯನ್ನು ಎತ್ತಿಕೊಂಡು, ಅದರ ಬಿಳಿಯ ತಲೆಗೆ ಮುಖ ಒತ್ತಿ ಅತ್ತಳು. ನಡುನಡುವೆ ಸಿಟ್ಟಿನಿಂದ, "ಒಂದ್ ಮಾತು ಹೇಳ್ಬಾರ್ದಾಗಿತ್ತೇನೆ ನೀನು?" ಎಂದು ಮರಿಯನ್ನೇ ಬೈದಳು.

ಮಂಗಳಕ್ಕ ಮೆಷಿನ್ನು ಹಾಕಿಕೊಂಡಳು. ಈಗ ಮಾತಾಡಬೇಕಾದದ್ದು ಬುಟ್ಟಿಯ ವಿಷಯ. ಷಡಕ್ಷರಿ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಇದನ್ನ ಕಳಿಸಕ್ಕೆ ಮನಸ್ಸು ಬರ್ತಿಲ್ಲ. ನೀವು ವಡೇನ ಕರ್ಕೊಂಡು ಹೋಗಿ. ಚುರುಕಾಗಿದೆ, ಕರೆದ್ರೆ ಬರುತ್ತೆ."

"ಇದರ ಕಿವೀನ ಕಿತ್ಕೊಂಡು ಹೋಗಿ ಅಂತೀರಾ?" ಅಂದಳು ಮಂಗಳಕ್ಕ.

ಅವಳು ಬುಟ್ಟಿಯೊಳಗಿನ ಮೆತ್ತೆಯನ್ನು ತೆಗೆದು ಕೊಡವಿ ಇಡ್ಲಿಗೆ ಹಾಸಿದಳು. ಊಟ ಮಾಡಿ, ಖಾಲಿ ಬುಟ್ಟಿ ಹಿಡಿದು ಮೂರು ಗಂಟೆಯ ಬಸ್ಸಿಗೆ ಹೊರಟಳು. ಗೇಟಿನವರೆಗೂ ಅವಳ ಹೆಜ್ಜೆ ನನಗೆ ಬಂತು. ಬರುವಾಗ ಬಂದಷ್ಟು ಬೇಗ ಹೋಗಲಿಲ್ಲ ಆ ಹೆಜ್ಜೆ.

ಅದೇ ಸಂಜೆ ಷಡಕ್ಷರಿ ನನ್ನನ್ನು ಬಾಗಿಲಿನಿಂದ ತೆಗೆದ. ನಡುಮನೆಯ ನೆಲದ ಮೇಲೆ, ಎರಡು ಸಣ್ಣ ಪಟ್ಟಿ ಬಡಿದು, ಸ್ವಲ್ಪ ಎತ್ತರಿಸಿ ಮಲಗಿಸಿದ. ನನ್ನ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಇಡ್ಲಿ. ಇಡ್ಲಿಯನ್ನು ಕರೆಯಬೇಕೆಂದರೆ ನನ್ನ ತುದಿಯನ್ನು ಕಾಲಿನಿಂದ ಎರಡು ಸಲ ತಟ್ಟುವುದು. ಇಡ್ಲಿ ಎರಡೇ ದಿನದಲ್ಲಿ ಕಲಿಯಿತು. ಬುದ್ಧಿ ಇಲ್ಲವೆಂದು ಹೆಸರು ಪಡೆದದ್ದು ಅದು!

ನನಗೇನೋ ವಿಶ್ರಾಂತಿ ಸಿಕ್ಕಿತು ಎಂದುಕೊಳ್ಳಬೇಡಿ. ತಟ್ಟಿದರೆ ಊಟ ಎಂಬುದನ್ನು ವಡೆಯೂ ಕಲಿತಿದೆ, ಜೂಲಿಯೂ ಕಲಿತಿದೆ. ಒಂದು ಮರಿಗೆಂದು ತಟ್ಟಿದರೆ ಮೂರು ನಾಯಿ, ಹನ್ನೆರಡು ಕಾಲು, ಅಷ್ಟೂ ಉಗುರು ನನ್ನ ಮೇಲೆ. ಷಡಕ್ಷರಿಗೆ ಇದು ಹೊಸ ಆಟ, ಕೆಲಸವಿಲ್ಲದಾಗಲೂ ತಟ್ಟುತ್ತಾನೆ. ಬಾಗಿಲಾಗಿದ್ದಾಗ ನನ್ನ ಕೆಲಸ ತಡೆಯುವುದು. ಅದರಲ್ಲಿ ಒಂದು ಗತ್ತಿತ್ತು. ಈ ವಯಸ್ಸಿನಲ್ಲಿ ಕರೆಯುವ ಕೆಲಸ ಕಲಿಯಬೇಕಾಗಿ ಬಂತು. ಕಲಿತಿದ್ದೇನೆ. ಎಲ್ಲರೂ ಹೊರಗೆ ಹೋದ ಮಧ್ಯಾಹ್ನಗಳಲ್ಲಿ ಆ ಮರಿ ಗದ್ದವಿಟ್ಟು ಕಾಯುತ್ತದೆ. ಗೇಟಿನ ಹತ್ತಿರ ದಾಕ್ಷಾಯಿಣಮ್ಮನ ಹೆಜ್ಜೆ ಬಿದ್ದೊಡನೆ ನಾನು ಒಂದಿಷ್ಟೂ ಇಟ್ಟುಕೊಳ್ಳದೆ ಅದಕ್ಕೆ ದಾಟಿಸುತ್ತೇನೆ. ವಡೆಗಿಂತ ಮೊದಲು ಇಡ್ಲಿ ಏಳುತ್ತದೆ. ಏಳುವಾಗ ನನ್ನ ಮೇಲೆ ಉಗುರೂರಿಯೇ ಏಳುತ್ತದೆ, ಹಾಳಾದ್ದು.